ಬೆಡೋಕ್ ಶೂಟಿಂಗಿನಲ್ಲಿ ನನ್ನ ಒಂದೇ ಮಾತು

ನಾಟಕಗಳಲ್ಲಿ ರಾಜನಾಗಿ, ಸಿನಿಮಾಗಳಲ್ಲಿ ಪಾದ್ರಿಯಾಗಿ, ಕೊಲೆಗಾರನಾಗಿ, ಒಮ್ಮೆ ಅಜ್ಜಿಯಾಗಿಯೂ ಮಿಂಚಿದ್ದ ಅಮೆರಿಕದ ಹಿರಿಯ ನಟರೊಬ್ಬರು ಸಿಂಗಪುರದ ಬೆಡೋಕ್‌ಗೆ ಶೂಟಿಂಗಿಗೆ ಬಂದಿದ್ದರು. ಅವರೆದುರು ನನಗೊಂದು ಸಣ್ಣ ಪಾತ್ರ. ‘ಲಿಫ್ಟ್ ಕೆಟ್ಟಿದೆ, ಸರ್’ ಎಂದು ಇಂಗ್ಲಿಷಿನಲ್ಲಿ ಹೇಳಿದರೆ ಮುಗಿಯಿತು. ಬೆಳಗಿನಿಂದ ಉರುಹೊಡೆದು ಬಾಯಿ ಒಣಗಿತ್ತು. ಕ್ಯಾಮೆರಾ ಓಡಿದಾಗ ಅವರ ನರೆಗೂದಲು ನೋಡಿ ನನ್ನ ಹಾಳು ಬಾಯಿ ‘ಲಿಫ್ಟ್ ಕೆಟ್ಟಿದೆ, ಅಂಕಲ್’ ಎಂದುಬಿಟ್ಟಿತು.

ಅವರು ಮಾತ್ರ ಆ ಕ್ಷಣಕ್ಕೇ ಅಂಕಲ್ ಆಗಿ, ನನ್ನ ಹೆಗಲು ಹಿಡಿದು, ಮಂಡಿನೋವಿನಿಂದ ನರಳುತ್ತ ಮೆಟ್ಟಿಲು ಹತ್ತಿದರು. ಕಟ್ ಎಂದೊಡನೆ ಹುಡುಗನ ಹಾಗೆ ದಡದಡನೆ ಇಳಿದು ಬಂದರು.

“ಅಂಕಲ್ ಅಂದ್ಬಿಟ್ಯಲ್ಲೋ! ನಿನ್ ಸೀನ್ ತೆಗ್ದ್ ಹಾಕ್ತಾರೆ ನೋಡು,” ಎಂದು ಜೊತೆಗೆ ಬಂದಿದ್ದ ಗೆಳೆಯ ಹೆದರಿಸಿದ.

ಹೊರಡುವಾಗ ಆ ನಟರು ಬೆನ್ನು ತಟ್ಟಿ, ಬಹಳ ಚೆನ್ನಾಗಿ ಮಾಡಿದೆ ಎಂದರು. ನಂಬೋಣವೆಂದರೆ, ಆ ಮಂಡಿನೋವನ್ನೂ ನಾನು ನಂಬಿದ್ದೆ.