ಅಕ್ಕ ಗೇರ್ ಆಯಿಲ್ ನೋಡುವ ರೀತಿ

ಭಾನುವಾರ ಬೆಳಿಗ್ಗೆ ಅಕ್ಕ ಒಂದು ಸ್ಟೀಲಿನ ಗಂಗಾಳ, ಒಂದು ಬಾಟಲಿ ನೀರು, ಎರಡು ಬಿಳಿ ಅರಿವೆಯ ತುಂಡು ಹಿಡಿದು ಮೆಟ್ಟಿಲಿಳಿದಳೆಂದರೆ ಅವತ್ತು ಅವಳು ಕಾರಿನ ಗೇರ್ ಆಯಿಲ್ ನೋಡುತ್ತಾಳೆಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಮೊದಮೊದಲು ನಾನು ಮೇಲಿನ ಬಾಲ್ಕನಿಯಿಂದ ಚೇಷ್ಟೆ ಮಾಡುತ್ತಿದ್ದೆ. “ಅಕ್ಕಾ, ಕಾರಿಗೆ ಊಟಕ್ಕ ಬಡಸಾಕ ಹೊಂಟೀಯೇನು?” ಅವಳು ತಲೆಯೆತ್ತಿಯೂ ನೋಡುತ್ತಿರಲಿಲ್ಲ. ಆ ಚೇಷ್ಟೆಗೆಲ್ಲ ತಪ್ಪೊಪ್ಪಿಗೆಯೆಂದೇ ಇದನ್ನು ಬರೆಯುತ್ತಿದ್ದೇನೆ.

ಅಕ್ಕನ ಎಡಗಾಲಿಗೆ ಮೂರನೇ ವರ್ಷದಲ್ಲಿ ಪೋಲಿಯೊ ಆಯಿತು. ಅಪ್ಪ ವಿಜಯಪುರದ ಕಡೆಯಿಂದ ನೌಕರಿಗೆಂದು ಹೈದರಾಬಾದಿಗೆ ಬಂದು ಇಲ್ಲೇ ಉಳಿದವರು. ಅಕ್ಕ ಇಲ್ಲೇ ಓದಿ, ನೀರಾವರಿ ಇಲಾಖೆಯಲ್ಲಿ ಕಾಲುವೆಗಳ ನಕ್ಷೆ ಬಿಡಿಸುವ ಕೆಲಸ ಹಿಡಿದು, ಅದರಲ್ಲೇ ನಿವೃತ್ತಿಯಾದಳು. ಅದರಲ್ಲಿ ಬಹುಪಾಲು ವರ್ಷ ಅವಳು ಆಫೀಸಿಗೆ ಹೋಗಿದ್ದು ಆಟೋದಲ್ಲಿ, ಇಲ್ಲವೇ ನನ್ನ ಸ್ಕೂಟರಿನ ಹಿಂದೆ. ಕ್ಲಚ್ ತುಳಿಯಲು ಎಡಗಾಲು ಬೇಕು, ಆದ್ದರಿಂದ ಕಾರು ಅವಳ ಹಣೆಯಲ್ಲಿ ಬರೆದಿಲ್ಲ ಎಂದು ನಾವೇ ತೀರ್ಮಾನ ಮಾಡಿಬಿಟ್ಟಿದ್ದೆವು. ಅವಳನ್ನು ಕೇಳುವ ಗೋಜಿಗೇ ಹೋಗಿರಲಿಲ್ಲ.

ಐವತ್ತು ದಾಟಿದ ಮೇಲೆ ಒಂದು ದಿನ ಅವಳು ಸೆಕೆಂಡ್ ಹ್ಯಾಂಡ್ ಆಟೊಮ್ಯಾಟಿಕ್ ಕಾರೊಂದನ್ನು ಮನೆಯ ಮುಂದೆ ತರಿಸಿ ನಿಲ್ಲಿಸಿದಳು. ಅದಕ್ಕೆ ಕ್ಲಚ್ಚೇ ಇಲ್ಲ. ಬಲಗಾಲೊಂದಿದ್ದರೆ ಸಾಕು, ಗೇರನ್ನು ಕಾರೇ ಬದಲಿಸಿಕೊಳ್ಳುತ್ತದೆ. ಕಲಿತು ಲೈಸೆನ್ಸ್ ಪಡೆದ ಮೇಲೆ ನಮ್ಮ ಮನೆಯಿರುವ ಉಪ್ಪಲ್‌ನಿಂದ ಊರ ನಡುವಿನ ಅಬಿಡ್ಸ್‌ವರೆಗೆ ಒಬ್ಬಳೇ ಹೋಗಿ ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಬಂದವಳೇ ಎರಡು ಲೋಟ ನೀರು ಗಟಗಟ ಕುಡಿದಳು. ಅವಳ ಮುಖ ಅಷ್ಟು ಅರಳಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಈಗ ಆ ಕಾರಿಗೂ ವಯಸ್ಸಾಗಿದೆ. ಆ ಮಾಡೆಲ್ ನಿಂತುಹೋಗಿ ಎಷ್ಟೋ ಕಾಲವಾಯಿತು. ಅದರ ಗೇರ್‌ಬಾಕ್ಸಿನ ಬಿಡಿಭಾಗ ಊರೆಲ್ಲ ಹುಡುಕಿದರೂ ಸಿಗುವುದಿಲ್ಲ. ಇಂಥದ್ದೇ ಇನ್ನೊಂದನ್ನು ಕೊಳ್ಳುವುದು ಅವಳ ಪಿಂಚಣಿಯಲ್ಲಿ ಆಗುವ ಮಾತಲ್ಲ. ಗೇರ್‌ಬಾಕ್ಸ್ ಕೆಟ್ಟ ದಿನ ಅಕ್ಕನ ಓಡಾಟಕ್ಕೂ ಕೊನೆ. ಇದು ಅವಳಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಸರ್ವಿಸ್ ಸೆಂಟರ್ ಒಂದರಲ್ಲಿ ಕೇಳಿದಾಗ, ಈ ಎಣ್ಣೆಯನ್ನು ಜನ್ಮದಲ್ಲಿ ಬದಲಿಸಬೇಕಿಲ್ಲ ಮೇಡಂ ಎಂದು ಹೇಳಿ ಕಳಿಸಿದರಂತೆ. ಅಕ್ಕ ನಂಬಲಿಲ್ಲ. “ನೀರಾವರಿಯೊಳಗ ಇದ್ದಾಕಿ ನಾ. ಹರಿಯೂದೆಲ್ಲಾ ಹೊಲಸ ಆಗೇ ಆಗತೈತಿ,” ಎಂದಳು. ಕೊನೆಗೆ ಅಬಿಡ್ಸ್ ಹಿಂದಿನ ಗಲ್ಲಿಯಲ್ಲಿ ಒಬ್ಬ ವಯಸ್ಸಾದ ಮೆಕ್ಯಾನಿಕ್ ಸಿಕ್ಕ. ಸುತ್ತಲಿನವರೆಲ್ಲ ಅವನನ್ನು ಉಸ್ತಾದ್ ಎನ್ನುತ್ತಿದ್ದರು. ಅವನು ಆಯಿಲ್ ಅಳೆಯುವ ಉದ್ದನೆಯ ಕಡ್ಡಿಯನ್ನು ಎಳೆದು, ತಾನು ಮೂಸದೆ ನೇರ ಅಕ್ಕನ ಮೂಗಿನ ಮುಂದೆ ಹಿಡಿದ. “ಸೂಂಘೋ ಅಮ್ಮಾ.” ಸುಟ್ಟ ವಾಸನೆ ಬಂದರೆ ಒಳಗೆ ಸವೆತ ಶುರುವಾಗಿದೆ ಎಂದು ತಿಳಿಯಬೇಕು, ಕೆಂಪಗಿದ್ದು ವಾಸನೆಯಿಲ್ಲದಿದ್ದರೆ ಚಿಂತೆಯಿಲ್ಲ ಎಂದು ಹೇಳಿಕೊಟ್ಟ. ಹಳೆಯ ಎಣ್ಣೆಯನ್ನು ಒಂದೇ ಸಲ ಪೂರ್ತಿ ತೆಗೆಯಬೇಡ, ಕೆಳಗಿನ ಬೋಲ್ಟ್ ಬಿಚ್ಚಿದಾಗ ಬಂದಷ್ಟನ್ನು ಅಳೆದು ಅಷ್ಟೇ ಹೊಸದನ್ನು ಹಾಕು, ಕೆಲವು ವಾರ ಓಡಿಸಿ ಮತ್ತೆ ಹಾಗೇ ಮಾಡು ಎಂದೂ ಹೇಳಿದ. ಹೀಗೆ ಮೂರು ಕಂತಿನಲ್ಲಿ ಅಕ್ಕನ ಗೇರ್‌ಬಾಕ್ಸಿನ ಎಣ್ಣೆ ಕಂದುಬಣ್ಣದಿಂದ ದಾಳಿಂಬೆ ಬಣ್ಣಕ್ಕೆ ಬಂತು.

ಅಲ್ಲಿಂದ ಮುಂದಿನದು ಅಕ್ಕನದೇ ಶಾಸ್ತ್ರ. ಎಣ್ಣೆಯ ಮಟ್ಟ ನೋಡಲು ಕಾರು ಸಪಾಟಾದ ನೆಲದಲ್ಲಿ ನಿಂತಿರಬೇಕು. ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಇಳಿಜಾರು. ಅದಕ್ಕೇ ಆ ಗಂಗಾಳ. ಅದರಲ್ಲಿ ನೀರು ತುಂಬಿ, ಬಡಾವಣೆಯ ಹತ್ತಾರು ಜಾಗಗಳಲ್ಲಿ ನೆಲದ ಮೇಲಿಟ್ಟು, ನೀರು ಯಾವ ಅಂಚಿಗೆ ಏರುತ್ತದೆಂದು ಬಗ್ಗಿ ಬಗ್ಗಿ ನೋಡಿದಳು. ಕಡೆಗೆ ಎರಡು ಗಲ್ಲಿ ಆಚೆ, ಮುಚ್ಚಿಹೋದ ಫಂಕ್ಷನ್ ಹಾಲಿನ ಅಂಗಳ ಪಾಸಾಯಿತು. ಆದರೂ ಪ್ರತಿ ಸಲ ಗಂಗಾಳ ಇಟ್ಟು ನೋಡಿಯೇ ಕಾರು ನಿಲ್ಲಿಸುವುದು. ನೆಲವೂ ಕುಸಿಯುತ್ತದೆ ಎನ್ನುತ್ತಾಳೆ. ಮೊದಲು ಇಪ್ಪತ್ತು ನಿಮಿಷ ಓಡಿಸಿ ಎಣ್ಣೆ ಬಿಸಿ ಮಾಡಬೇಕು. ಎಂಜಿನ್ ಚಾಲೂ ಇಟ್ಟು, ಬ್ರೇಕ್ ತುಳಿದು, ಗೇರಿನ ಹಿಡಿಯನ್ನು ಒಂದೊಂದೇ ಜಾಗದಲ್ಲಿ ನಿಲ್ಲಿಸುತ್ತ ಬಂದು ಕೊನೆಗೆ ‘ಪಾರ್ಕ್’ನಲ್ಲಿ ಬಿಡಬೇಕು. ಆಮೇಲೆ ಕಡ್ಡಿ ಎಳೆದು ಒಂದು ಅರಿವೆಯಿಂದ ಒರೆಸಿ, ಮತ್ತೆ ಅದ್ದಿ ತೆಗೆದು ಮಟ್ಟ ನೋಡಿ, ಇನ್ನೊಂದು ಅರಿವೆಯ ಮೇಲೆ ಒಂದು ಹನಿ ಬೀಳಿಸಬೇಕು. ಆ ಅರಿವೆ ಅಪ್ಪನ ಹಳೆಯ ಧೋತರ ಹರಿದು ಮಾಡಿದ್ದು. ಅದರ ಮೂಲೆಯಲ್ಲಿ ಕಾರು ಅಲ್ಲಿಯವರೆಗೆ ಓಡಿದ ಕಿಲೋಮೀಟರನ್ನು ಪೆನ್ಸಿಲಿನಿಂದ ಬರೆದು, ಒಣಗಿಸಿ, ಬಿಸ್ಕಿಟ್ ಡಬ್ಬಿಯಲ್ಲಿ ಜೋಡಿಸುತ್ತಿದ್ದಳು. ಸೊಂಟ ಹಿಡಿದುಕೊಂಡು, ಎಡಗಾಲಿಗೆ ಆಸರೆಯಾಗಿ ಕಟ್ಟಿದ ಪಟ್ಟಿ ಸರಿಮಾಡಿಕೊಳ್ಳುತ್ತ ಇಷ್ಟನ್ನೂ ಅವಳೊಬ್ಬಳೇ ಮಾಡುತ್ತಿದ್ದಳು. ಆ ಶ್ರದ್ಧೆಯ ಕಾಲುಭಾಗವೂ ನನ್ನಲ್ಲಿಲ್ಲ.

ನನ್ನಲ್ಲಿ ಇದ್ದದ್ದು ಹುರುಪು. ಕಳೆದ ಬೇಸಿಗೆಯಲ್ಲಿ ಅಕ್ಕನಿಗೆ ಜ್ವರ ಬಂದು ನಾಲ್ಕು ದಿನ ಮಲಗಿದಳು. ಅವಳು ಮಾಡುವುದನ್ನು ಎಷ್ಟು ಸಲ ನೋಡಿಲ್ಲ, ಈ ಸಲ ನಾನೇ ನೋಡಿಬಿಡೋಣವೆಂದು ಬೆಳಿಗ್ಗೆ ಪಾರ್ಕಿಂಗಿಗೆ ಇಳಿದೆ. ಎಂಜಿನ್ ಚಾಲೂ ಮಾಡಿದೆ, ಕೂಡಲೇ ಕಡ್ಡಿ ಎಳೆದೆ. ಮೇಲಿನ ಗೆರೆಗಿಂತ ಎಣ್ಣೆ ಎಷ್ಟೋ ಕೆಳಗಿತ್ತು. ಡಿಕ್ಕಿಯಲ್ಲಿ ಅವಳು ಇಟ್ಟುಕೊಂಡಿದ್ದ ಬಾಟಲಿಯಲ್ಲಿ ಉಳಿದಿದ್ದ ಕೆಂಪು ಎಣ್ಣೆಯನ್ನೆಲ್ಲ ಸುರಿದು, ಕೈ ತೊಳೆದುಕೊಂಡು, ಏನೋ ಸಾಧಿಸಿದವನ ಹಾಗೆ ಮೇಲೆ ಬಂದೆ. ಅವಳಿಗೆ ಹೇಳಬೇಕೆಂದುಕೊಂಡು ಮರೆತೇಬಿಟ್ಟೆ.

ಜ್ವರ ಬಿಟ್ಟ ಮೇಲೆ ಅಕ್ಕ ಕಾರು ತೆಗೆದಳು. ಉಪ್ಪಲ್ ಸಿಗ್ನಲ್ಲಿನಲ್ಲಿ ಹಸಿರು ಬಿದ್ದಾಗ ಎಂಜಿನ್ ಕೂಗಿತಂತೆ, ಕಾರು ಮಾತ್ರ ಅಲ್ಲಾಡಲಿಲ್ಲ. ಹಿಂದಿನವರೆಲ್ಲ ಹಾರ್ನ್ ಬಾರಿಸಿದರು. ಆಮೇಲೆ ಒಮ್ಮೆಲೇ ಜಗ್ಗಿ ಮುಂದಕ್ಕೆ ನೆಗೆಯಿತು. ನಡಿಗೆಯ ವೇಗದಲ್ಲಿ ಮನೆ ಮುಟ್ಟಿಸಿ ಒಳಗೆ ಬಂದಳು. ಮುಖ ಬಿಳುಚಿಕೊಂಡಿತ್ತು.

ನನಗೆ ಆಗಲೂ ನಾನು ಮಾಡಿದ್ದು ಹೊಳೆಯಲಿಲ್ಲ. ಊಟಕ್ಕೆ ಕೂತಾಗ ದೊಡ್ಡ ಮನುಷ್ಯನಂತೆ ಹೇಳಿದೆ, “ಗೇರ್‌ಬಾಕ್ಸ್ ಹೋತು ಅಕ್ಕಾ. ಸಾಕಿನ್ನ, ಮಾರಿಬಿಡು. ಎಲ್ಲಿ ಬೇಕಂದ್ರೂ ನಾ ಕರಕೊಂಡ ಹೋಗ್ತೀನಿ.” ಅವಳು ಅರ್ಧ ರೊಟ್ಟಿ ತಾಟಿನಲ್ಲೇ ಬಿಟ್ಟು ಎದ್ದಳು.

ಸಂಜೆ ಅವಳು ಬಿಸ್ಕಿಟ್ ಡಬ್ಬಿ ತೆಗೆದು ಅರಿವೆಯ ತುಂಡುಗಳನ್ನು ಹಾಸಿಗೆಯ ಮೇಲೆ ಸಾಲಾಗಿ ಹಾಸಿದ್ದಳು. ಕೊನೆಯ ಐದಾರು ಕಲೆಗಳೂ ತಿಳಿಗೆಂಪು. “ನೋಡಿಲ್ಲೆ, ಕೆಡೂ ಗೇರ್‌ಬಾಕ್ಸ್ ಹಿಂಗ ಒಮ್ಮಿಂದೊಮ್ಮೆ ಕೆಡಂಗಿಲ್ಲ. ಮದಲ ಬಣ್ಣದಾಗ ಹೇಳತೈತಿ. ಇದು ಬ್ಯಾರೆ ಏನೋ ಐತಿ,” ಎಂದಳು. ಗಾಬರಿಯಲ್ಲೂ ಅವಳ ಲೆಕ್ಕ ತಪ್ಪಿರಲಿಲ್ಲ.

ಮರುದಿನ ಬೆಳಿಗ್ಗೆ ನನ್ನನ್ನೂ ಕೂಡಿಸಿಕೊಂಡು ಗಲ್ಲಿಗಳಲ್ಲೇ ಮೆಲ್ಲಗೆ ಸುತ್ತಿ, ಆ ಅಂಗಳಕ್ಕೆ ಬಂದಳು. ಗಂಗಾಳ ಇಟ್ಟಳು, ಕಾರು ನಿಲ್ಲಿಸಿದಳು, ಕಡ್ಡಿ ಎಳೆದಳು. ಎಣ್ಣೆ ಮೇಲಿನ ಗೆರೆಯನ್ನೂ ದಾಟಿ ಎರಡು ಬೆರಳು ಮೇಲಿತ್ತು, ತುಂಬ ನೊರೆ. ಹೆಚ್ಚಾದ ಎಣ್ಣೆಯನ್ನು ಒಳಗಿನ ಚಕ್ರಗಳು ಮಜ್ಜಿಗೆಯಂತೆ ಕಡೆದುಬಿಟ್ಟಿದ್ದವು. ನೊರೆಗೆ ಗೇರನ್ನು ಹಿಡಿದೊತ್ತುವ ಬಲ ಎಲ್ಲಿಂದ ಬರಬೇಕು?

“ಯಾರೋ ಎಣ್ಣಿ ಹಾಕ್ಯಾರ,” ಎಂದಳು.

ಆಗ ನನಗೆ ಹೊಳೆಯಿತು. ಕಾಲ ಕೆಳಗಿನ ನೆಲ ಬಾಯಿಬಿಡಬಾರದೇ ಅನ್ನಿಸಿತು. ಸಿಟ್ಟು ಮೂಗಿನ ತುದಿಯಲ್ಲಿರುವ ಮನುಷ್ಯ ನಾನು. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಬೀದಿಯಲ್ಲಿ ನಿಲ್ಲಿಸಿ ಝಾಡಿಸುತ್ತಿದ್ದೆ. “ನಾನಽ ಹಾಕಿದೆ ಅಕ್ಕಾ. ನಿನಗ ಜ್ವರ ಬಂದಾಗ,” ಎಂದೆ.

ಅವಳು ಬೈಯಲಿಲ್ಲ. “ಎಂಜಿನ್ ಚಾಲೂ ಇಟ್ಟಿದ್ದೇನು?”

“ಇಟ್ಟಿದ್ದೆ.”

“ಎಣ್ಣಿ ಬಿಸಿ ಆಗಿತ್ತೇನು?”

“ಇಲ್ಲ.”

“ತಣ್ಣಗಿದ್ದಾಗ ಎಣ್ಣಿ ಕೆಳಗಽ ಇರತೈತಿ. ಅದಕ್ಕ ಬ್ಯಾರೆ ಗೆರಿ ಐತಿ. ಹೋಗ್ಲಿ, ಅರ್ಧರೆ ಸರಿ ಮಾಡೀಯಲ್ಲ. ನಿನಗ ಅದಽ ಭಾಳಾತು.”

ಎಂಜಿನ್ ಆರಿಸಿ, ಡಿಕ್ಕಿಯಿಂದ ಖಾಲಿ ಬಾಟಲಿ ತೆಗೆದಳು. ಹಿಂದಿನ ಸಲ ಎಲ್ಲಿಯವರೆಗೆ ಎಣ್ಣೆ ಉಳಿದಿತ್ತೋ ಅಲ್ಲಿ ಪೆನ್ನಿನಿಂದ ಸಣ್ಣ ಗೆರೆ ಎಳೆದಿದ್ದಳು. ಮೆಡಿಕಲ್ ಶಾಪಿನ ದೊಡ್ಡ ಸಿರಿಂಜಿಗೆ ತೆಳ್ಳನೆಯ ನಳಿಕೆ ಸಿಕ್ಕಿಸಿ, ಕಡ್ಡಿ ಇಳಿಯುವ ತೂತಿನಿಂದಲೇ ಎಳೆದೆಳೆದು ಆ ಗೆರೆಯವರೆಗೆ ಬಾಟಲಿ ತುಂಬಿಸಿದಳು. ಮುಟ್ಟಲು ಹೋದ ನನ್ನ ಕೈಯನ್ನು ಮೊಣಕೈಯಿಂದ ತಳ್ಳಿದಳು. ನೊರೆ ಅಡಗಲೆಂದು ಸುಮಾರು ಹೊತ್ತು ಹಾಗೇ ಬಿಟ್ಟು, ಮತ್ತೆ ಓಡಿಸಿ ಬಿಸಿ ಮಾಡಿ ನೋಡಿದಾಗ ಎಣ್ಣೆ ಕಡ್ಡಿಯ ಮೇಲಿನ ಗೆರೆಗೆ ಸರಿಯಾಗಿ ನಿಂತಿತ್ತು. ಹಿಡಿಯನ್ನು ಮುಂದಕ್ಕೆ ಜರುಗಿಸಿದಳು. ಕಾರು ಸದ್ದಿಲ್ಲದೆ ಹೊರಟಿತು. ಅಕ್ಕ ಉಸಿರುಬಿಟ್ಟದ್ದು ನನಗೆ ಕೇಳಿಸಿತು. ನನ್ನ ಕಣ್ಣು ತುಂಬಿದ್ದನ್ನು ಅವಳು ನೋಡಲಿಲ್ಲ ಎಂದುಕೊಂಡಿದ್ದೇನೆ.

ನಾಚಿಕೆ ಮುಚ್ಚಿಕೊಳ್ಳಲು ಏನಾದರೂ ಹೇಳಬೇಕಿತ್ತು. “ಒಂದ ವ್ಯಾಳೆ ಖರೇನ ಕೆಟ್ಟಿದ್ರೂ ಏನಾಗ್ತಿತ್ತು? ನಾ ಇದ್ದೀನಲ್ಲ, ಕರಕೊಂಡ ಹೋಗ್ತಿದ್ದಿಲ್ಲೇನು?”

ಅವಳು ರಸ್ತೆ ನೋಡುತ್ತಲೇ ಹೇಳಿದಳು, “ಕರಕೊಂಡ ಹೋಗ್ತಿದ್ದಿ, ಖರೆ. ಆದ್ರ ಎಲ್ಲಿಗೆ ಅಂತ ಕೇಳ್ತಿದ್ದಿ, ತಮ್ಮಾ.”

ದೊಡ್ಡ ರಸ್ತೆ ಬಂತು. ನಮ್ಮ ಮನೆಗೆ ಎಡಕ್ಕೆ ತಿರುಗಬೇಕು. ಅಕ್ಕ ಬಲಗಡೆಯ ಇಂಡಿಕೇಟರ್ ಹಾಕಿದಳು. ಬಾಯಿಗೆ ಬಂದ ಪ್ರಶ್ನೆಯನ್ನು ನುಂಗಿಕೊಂಡು, ಗಾಜು ಇಳಿಸಿ, ಸುಮ್ಮನೆ ಕೂತೆ.