ವಿಮಲಾಬಾಯಿ ಬರೆಯದ ಸಾಲು

ಬೆಳಿಗ್ಗೆ ಪ್ರೆಸ್ಸಿನಿಂದ ನಮ್ಮ ಪತ್ರಿಕೆಯ ಹೊಸ ಸಂಚಿಕೆಯ ಕಟ್ಟು ಬಂತು. ಹುರಿ ಬಿಚ್ಚಿದ್ದೇ ತಡ, ಹಸಿ ಮಸಿಯ ವಾಸನೆ ಮನೆಯೆಲ್ಲ ಹರಡಿತು. ಆ ವಾಸನೆಗೆ ಹಿಗ್ಗುವವರನ್ನು ನೀವು ಕಂಡಿರಬಹುದು. ನನಗೆ ಮಾತ್ರ ದಿಗಿಲು. ಯಾರ ಹೆಸರು ಬಿಟ್ಟುಹೋಗಿದೆಯೋ, ಯಾರ ಫೋನು ಬರುತ್ತದೋ! ಕೂತೆ, ಎದ್ದೆ, ಬಾಲ್ಕನಿಗೆ ಹೋಗಿ ಬಂದೆ. "ಒಂದ್ ಕಡೆ ಕೂಡ್ರಿ. ನಿಮ್ಮನ್ನ ನೋಡಿ ನನಗ ತಲಿ ತಿರಗ್ಲಿಕ್ಕತ್ತದ" ಎಂದಳು ಹೆಂಡತಿ.

ಪುಣೆಯ ಕನ್ನಡಿಗರು ಸೇರಿ ಮೂರು ತಿಂಗಳಿಗೊಮ್ಮೆ ಹೊರಡಿಸುವ ಈ ಪತ್ರಿಕೆಯ ಕೊನೆಯ ನಾಲ್ಕು ಪುಟ ನನ್ನ ಪಾಲಿನವು. ಯಾರ ಪುಸ್ತಕ ಬಂತು, ಯಾರಿಗೆ ಬಹುಮಾನ ಬಂತು, ಖರಾಡಿಯ ಕವಿಗೆ ಮದುವೆ ಗೊತ್ತಾಯಿತೇ, ಎಲ್ಲ ಅಲ್ಲಿರುತ್ತದೆ. ಜೊತೆಗೆ 'ಬರೆದವರ ಮಾತು': ತಮ್ಮ ಕಥೆಯೋ ಕವಿತೆಯೋ ಹೇಗೆ ಹುಟ್ಟಿತೆಂದು ಲೇಖಕರೇ ಹೇಳುವ ನಾಲ್ಕು ಸಾಲು. ಗುಟ್ಟು ಹೇಳುತ್ತೇನೆ, ನಮ್ಮ ಓದುಗರು ಪತ್ರಿಕೆಯನ್ನು ಹಿಂದಿನಿಂದಲೇ ತೆರೆಯುತ್ತಾರೆ. ಕಥೆ ಓದಿದಿರಾ ಎಂದರೆ "ಇನ್ನೂ ಇಲ್ರಿ" ಎನ್ನುವವರೂ ಆ ನಾಲ್ಕು ಸಾಲು ಬಿಡುವುದಿಲ್ಲ.

ಆದರೆ ಕಥೆ ಕಳಿಸುವಾಗಿನ ಉತ್ಸಾಹ ಲೇಖಕರಿಗೆ ಆ ಸಾಲು ಬರೆಯುವಾಗ ಇರುವುದಿಲ್ಲ. ನಮ್ಮ ಸಂಪಾದಕರೋ ಖಡಕಿಯ ಕಾರ್ಖಾನೆಯೊಂದರ ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿ ನಿವೃತ್ತರಾದವರು. ಫಾರ್ಮಿನಲ್ಲಿ ಒಂದು ಜಾಗ ಖಾಲಿ ಉಳಿದರೂ ಅವರಿಗೆ ಊಟ ಸೇರದು. "ಏನರೆ ತುಂಬ್ರಿ" ಎನ್ನುತ್ತಿದ್ದರು. ತುಂಬುತ್ತಿದ್ದೆ. ಒಬ್ಬರಿಗೆ ಬಾಲ್ಯದ ನೆನಪು, ಇನ್ನೊಬ್ಬರಿಗೆ ಅಜ್ಜಿಯ ಜೋಗುಳ. ಯಾರೂ ತಕರಾರು ತೆಗೆಯಲಿಲ್ಲ. ಬಟ್ಟೆ ಅಂಗಡಿಯ ಕವಿಯೊಬ್ಬರಂತೂ ಕೈ ಹಿಡಿದುಕೊಂಡು, "ನಾ ಇಷ್ಟು ಛಂದ ವಿಚಾರ ಮಾಡ್ತೀನಂತ ನನಗ ಗೊತ್ತಿರ್ಲಿಲ್ಲ ನೋಡ್ರಿ" ಎಂದರು. ನಾನು ಉಬ್ಬಿಹೋದೆ.

ಎಷ್ಟೋ ವರ್ಷಗಳ ಹಿಂದೆ ಯೆರವಡಾದ ವಿಮಲಾಬಾಯಿಯವರದನ್ನೂ ಹಾಗೇ ತುಂಬಿದೆ. ಅವರ ಮೊದಲ ಕಥೆ ಅದು. ಓದಿ ನನಗೆ ಹೊಟ್ಟೆಕಿಚ್ಚಾಗಿತ್ತು, ಅಷ್ಟು ಚೆನ್ನಾಗಿತ್ತು. ಅವರ ನಾಲ್ಕು ಸಾಲು ಮಾತ್ರ ಬರಲಿಲ್ಲ. ಹೆಂಗಸರು ಬರೆದರೆ ಗಂಡನಿಗೆ ಕೃತಜ್ಞತೆ ಹೇಳುವುದು ನಮ್ಮಲ್ಲಿ ರೂಢಿಯಲ್ಲವೇ? 'ಈ ಕಥೆಗೆ ನನ್ನ ಯಜಮಾನರೇ ಪ್ರೇರಣೆ. ಅವರ ಪ್ರೋತ್ಸಾಹವಿಲ್ಲದೆ ಒಂದಕ್ಷರವೂ ಹುಟ್ಟುತ್ತಿರಲಿಲ್ಲ' ಎಂದು ಅವರ ಹೆಸರಿನಲ್ಲಿ ಬರೆದು ಕಳಿಸಿ, ನಿಶ್ಚಿಂತೆಯಿಂದ ಚಹಾ ಕುಡಿದೆ.

ಆ ವರ್ಷದ ಲೇಖಕರ ಕೂಟದಲ್ಲಿ ವಿಮಲಾಬಾಯಿ ನನ್ನನ್ನು ಬದಿಗೆ ಕರೆದರು. ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ.

"ನಾ ಬರಿಯೂದು ನಮ್ಮ ಮನಿಯವರಿಗೆ ಗೊತ್ತೇ ಇರ್ಲಿಲ್ರಿ. ಆಫೀಸಿನ್ಯಾಗ ಯಾರೋ ಪತ್ರಿಕೆ ತೋರಿಸ್ಯಾರ. ಈಗ ದಿನಾ ಸಂಜೀಕ ಬಾಜೂಕ ಕುರ್ಚಿ ಹಾಕ್ಕೊಂಡು, 'ಇವತ್ತೇನು ಬರದಿ, ಓದು' ಅಂತಾರ. ಇದು ಹಿಂಗ ಬ್ಯಾಡ, ಹಂಗ ಇರ್ಲಿ ಅಂತಾರ. ಭಾಳ ಖುಷಿ ಆಗ್ಯಾರ, ಪಾಪ. ನಾ ಹೆಂಗ ಬ್ಯಾಡ ಅನ್ಲಿ?"

ಆಮೇಲೆ ಅವರಿಂದ ಕಥೆ ಬರಲೇ ಇಲ್ಲ. ತುಂಬುವ ಚಾಳಿಯನ್ನು ನಾನು ಬಿಟ್ಟೆ. ಯಾಕೆ ಬಿಟ್ಟೆನೆಂದು ಮಾತ್ರ ಯಾರಿಗೂ ಹೇಳಲಿಲ್ಲ. ನಾಚಿಕೆಯಾಗುತ್ತಿತ್ತು.

ಇವತ್ತು ಸಂಪಾದಕರು ಫೋನು ಮಾಡಿ, ಸಂಚಿಕೆ ಚೆನ್ನಾಗಿದೆ ಎಂದವರೇ, "ಮುಂದಿನದಕ್ಕ ವಿಮಲಾಬಾಯಿ ಕಡೆಯಿಂದ ಒಂದು ಕಥಿ ತರಸ್ರಿ" ಎಂದುಬಿಟ್ಟರು. ಅವರಿಗೇನು ಗೊತ್ತು! ವಿಮಲಾಬಾಯಿಯವರ ನಂಬರನ್ನು ನಾಲ್ಕು ಸಲ ಒತ್ತಿ ನಾಲ್ಕು ಸಲ ಕಟ್ ಮಾಡಿದೆ. ಐದನೆಯ ಸಲ ಕಟ್ ಮಾಡುವ ಮುಂಚೆಯೇ ಆ ಕಡೆ ಎತ್ತಿದರು. ಎತ್ತಿದವರು ಅವರ ಯಜಮಾನರು.

"ಕಥೀನ? ಆಕಿ ಬರಿಯೂದು ಬಿಟ್ಟು ಭಾಳ ವರ್ಷ ಆತ್ರಿ. ನಾ ಎಷ್ಟ್ ಹೇಳಿದೆ, ದಿನಾ ಹೇಳಿದೆ. ಯಾಕ ಬಿಟ್ಳೋ ಏನೋ."

ಆ ದನಿಯಲ್ಲಿ ನಿಜವಾದ ಸಂಕಟವಿತ್ತು. ತಡೆಯಲಾಗಲಿಲ್ಲ, ಹೇಳಿಬಿಟ್ಟೆ: ಪ್ರೇರಣೆಯ ಆ ಮಾತು ವಿಮಲಾಬಾಯಿಯವರದಲ್ಲ, ನನ್ನದು.

ಆ ಕಡೆ ಕುರ್ಚಿ ಎಳೆದು ಕೂತ ಸದ್ದಾಯಿತು.

"ಹಂಗಾರ ಆಕಿ ನನ್ನ ನೆನಸೇ ಇರ್ಲಿಲ್ಲೇನ್ರಿ?"

ಇಷ್ಟು ವರ್ಷ ನಾನು ಒಬ್ಬರಿಗಷ್ಟೇ ಅನ್ಯಾಯ ಮಾಡಿದೆನೆಂದುಕೊಂಡಿದ್ದೆ. "ತಪ್ಪು ನಂದ್ರಿ" ಎಂದೆ. "ಬರಿಯೂದಕ್ಕಿಂತ ಮೊದ್ಲ ನಾ ಅವರನ್ನ ಕೇಳ್ಲಿಲ್ಲ."

ಅವರು ಮೆಲ್ಲಗೆ ಹೇಳಿದರು:

"ಓದಿದ ಮ್ಯಾಲೆ ನಾನೂ ಆಕೀನ್ನ ಕೇಳ್ಲಿಲ್ರಿ."