ಅಕ್ಕನ ಟೆರೇಸಿನ ಬಿಸಿನೀರು

ನನ್ನ ಬಾಯಿ ಜೋರು ಅಂತ ಊರಿಗೆಲ್ಲ ಗೊತ್ತು. ಶಾಲೆಯಲ್ಲಿ ನಾನು ದನಿ ಎತ್ತಿದರೆ ಪಕ್ಕದ ಕೋಣೆಯ ಮಕ್ಕಳೂ ಕೈಕಟ್ಟಿ ಕೂರುತ್ತಾರೆ. ಅಂಥ ನನ್ನನ್ನೇ ಚಿಟಿಕೆಯಷ್ಟೂ ಅನುಮಾನ ಬರದ ಹಾಗೆ ಬೇಸ್ತು ಬೀಳಿಸಿದವಳು ನನ್ನ ವಾರಗಿತ್ತಿ, ನಮ್ಮ ಮನೆಯವರ ಅಣ್ಣನ ಹೆಂಡತಿ. ನಾನು ಅವಳನ್ನು ಅಕ್ಕ ಅನ್ನುತ್ತೇನೆ. ನನಗೆ ಒಡಹುಟ್ಟಿದ ಅಕ್ಕ ಇಲ್ಲ, ಹಾಗಾಗಿ ಮದುವೆಯಾಗಿ ಬಂದ ದಿನದಿಂದ ಆ ಮಾತು ಪೂರ್ತಿ ಅವಳದೇ ಆಗಿತ್ತು. ಈಗಲೂ ಬೆಳಿಗ್ಗೆ ನಲ್ಲಿ ತಿರುಗಿಸುವಾಗ ನನಗೆ ಹೊಟ್ಟೆ ಉರಿಯುತ್ತದೆ.

ಸೂಲಿಬೆಲೆಯಿಂದ ಸ್ವಲ್ಪ ಒಳಗಿದೆ ನಮ್ಮ ಊರು. ಅಣ್ಣತಮ್ಮಂದಿರ ಎರಡು ಮನೆ, ನಡುವೆ ಒಂದೇ ಗೋಡೆ. ನಾನು ಬರುವಷ್ಟರಲ್ಲಿ ಭಾಗ ಆಗಿಹೋಗಿತ್ತು. ಹೊಲ, ಹಸು, ಕೊನೆಗೆ ಹಿತ್ತಲ ನುಗ್ಗೆಮರದ ಕೊಂಬೆ ಕೂಡ ಇದು ನಿಮಗೆ, ಇದು ನಮಗೆ ಅಂತ ಹಂಚಿಹೋಗಿತ್ತು. ಭಾಗವಾಗದೆ ಉಳಿದಿದ್ದು ಹಿತ್ತಲಲ್ಲಿದ್ದ ಬಚ್ಚಲುಮನೆ ಒಂದೇ. ಪಂಚಾಯಿತಿಗೆ ಕೂತವರ ಮುಂದೆ ನಮ್ಮ ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತು, "ಅಡಿಗೆ ಒಲೆ ಬೇರೆ ಮಾಡ್ಕಳಿ, ಬ್ಯಾಡ ಅನ್ನಲ್ಲ. ಹಂಡೆ ಮಾತ್ರ ಒಂದೇ ಇರ್ಲಿ" ಅಂದಿದ್ದರಂತೆ. ಅವರ ಮಾತಿಗೆ ಯಾರೂ ಎದುರಾಡಲಿಲ್ಲ.

ಮಣ್ಣಿನ ಒಲೆಯಲ್ಲಿ ಕಚ್ಚಿ ಕೂತಿದ್ದ ತಾಮ್ರದ ಹಂಡೆ ಅದು. ಮೊದಲು ಎದ್ದವಳು ಬೆಂಕಿ ಹಾಕಬೇಕು. ನಮ್ಮ ಕಡೆ ರೇಷ್ಮೆ ಹುಳ ಸಾಕುವುದರಿಂದ ಹುಳ ಎಲೆ ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿಗೆ ಬರವಿಲ್ಲ, ಸೌದೆ ಅದೇ. ಒಂದು ಬಕೆಟ್ ಬಿಸಿನೀರು ತೆಗೆದವರು ಒಂದು ಬಕೆಟ್ ತಣ್ಣೀರು ಸುರಿದು ಹೋಗಬೇಕು. ಎರಡೂ ಮನೆಗೆ ಇದ್ದ ಕಾನೂನು ಇಷ್ಟೇ. ಸುರಿಯದೆ ಹೋದವರನ್ನು ಅಕ್ಕ ಹಿತ್ತಲಿಂದಲೇ ಕೂಗಿ ಮಾನ ಕಳೆಯುತ್ತಿದ್ದಳು. "ಯಾರ್ಲಾ ಅದು, ಹಂಡೆ ತಳ ಕಾಣಂಗ್ ಮಾಡೋನು? ನೀರೇನ್ ನಿಮ್ಮಾವ ಹೊತ್ಕಂಡ್ ಬತ್ತಾನಾ?" ಹೆಚ್ಚಾಗಿ ಅದು ನಮ್ಮ ಮನೆಯವರೇ ಆಗಿರುತ್ತಿದ್ದರು. ಚಳಿಗಾಲದಲ್ಲಿ ನಾವಿಬ್ಬರೂ ಆ ಒಲೆ ಮುಂದೆ ಕೈ ಕಾಯಿಸುತ್ತಾ ಕೂರುತ್ತಿದ್ದೆವು. ನನ್ನ ಹೆಡ್‌ಮಿಸ್ಸಿನ ಕಾಟ, ಅವಳ ಸೊಸೆಯಂದಿರ ಮುನಿಸು, ನನ್ನ ಮಗಳಿಗೆ ಬಂದ ಗಂಡುಗಳ ಕತೆ, ಎಲ್ಲ ಅಲ್ಲೇ ಬೆಂದು ಬೂದಿಯಾಗುತ್ತಿತ್ತು.

ಇನ್ನೊಂದು ವಿಷಯ ಹೇಳಬೇಕು. ನಮ್ಮ ಮನೆತನದಲ್ಲಿ ಹುಟ್ಟಿದ ಕೂಸುಗಳಿಗೆಲ್ಲ ನೀರು ಎರೆದವಳು ಅಕ್ಕ. ಮಣೆಯ ಮೇಲೆ ಕೂತು ಕಾಲು ಚಾಚಿ, ಕೂಸನ್ನು ಆ ಕಾಲುಗಳ ಮೇಲೆ ಬೋರಲು ಮಲಗಿಸಿಕೊಂಡರೆ ಎಂಥ ರಚ್ಚೆ ಹಿಡಿದ ಮಗುವೂ ಸುಮ್ಮನಾಗುತ್ತಿತ್ತು. ನನ್ನ ಮಗಳಿಗೂ ಅವಳೇ ಎರೆದಳು. ಪಕ್ಕದಲ್ಲಿ ಬಿಸಿನೀರು ತಣ್ಣೀರು ಬೆರೆಸಿ, ಹದ ಮಾಡಿ, ಚೆಂಬು ಚೆಂಬಾಗಿ ಅವಳ ಕೈಗೆ ಕೊಡುವುದು ನನ್ನ ಕೆಲಸ. ಎರೆಯುವವಳ ಒಂದು ಕೈ ಮಗುವಿನ ಮೇಲಿರುತ್ತದೆ, ಎಣ್ಣೆಯಲ್ಲಿ ಜಾರುತ್ತಿರುತ್ತದೆ. ಅವಳಿಗೆ ನೀರು ಮುಟ್ಟಿ ನೋಡಲು ಪುರುಸೊತ್ತಿಲ್ಲ. ಬೆರೆಸುವವಳು ಕೊಟ್ಟದ್ದನ್ನು ಹಾಗೇ ಸುರಿಯಬೇಕು. ಮೊದಮೊದಲು ನಾನು ಹೆದರಿ, "ಅಕ್ಕಾ, ಒಂದ್ಸಲ ಕೈ ಅದ್ದಿ ನೋಡ್ಬಾರ್ದಾ?" ಅನ್ನುತ್ತಿದ್ದೆ. ಅವಳು ತಲೆ ಎತ್ತದೆ, "ನೀನ್ ಬೆರಸಿದ್ ಮ್ಯಾಲೆ ನಾನೇನ್ ನೋಡೋದು, ಕೊಡೇ ಸುಮ್ನೆ" ಅಂದುಬಿಡುತ್ತಿದ್ದಳು. ಆ ಮಾತಿಗೆ ನಾನು ಉಬ್ಬಿಹೋಗುತ್ತಿದ್ದೆ.

ಸೋಲಾರ್ ವಿಷಯ ತೆಗೆದವಳೂ ಅಕ್ಕನೇ. ಹೊಗೆಗೆ ಅವಳ ಕಣ್ಣು ಸದಾ ಕೆಂಪಗೆ ನೀರಾಡುತ್ತಿತ್ತು, ಕೆಮ್ಮು ಹತ್ತಿದರೆ ಬಿಡುತ್ತಿರಲಿಲ್ಲ. "ಸಾಕು ಕಣೇ ಈ ಹೊಗೆ ಸಾವಾಸ. ಊರೋರೆಲ್ಲ ಹಾಕಿಸ್ಕಂಡವ್ರೆ, ನಾವೂ ಒಂದ್ ಹಾಕ್ಸಣ. ಹಂಡೆ ಹೆಂಗೋ ಇದೂ ಹಂಗೇ, ಇಬ್ಬುರ್ಗೂ ಒಂದು" ಅಂದಳು. ನಾನು ಕುಣಿದಾಡಿಬಿಟ್ಟೆ. ಐದನೇ ತರಗತಿಗೆ ಸೂರ್ಯನ ಶಾಖದ ಪಾಠ ಮಾಡುವವಳು, ಮನೆಯಲ್ಲಿ ಹೊಗೆ ಊದಿಕೊಂಡು ಕೂತಿದ್ದೆನಲ್ಲ! ನಮ್ಮದು ಹೆಂಚಿನ ಮನೆ, ಅವರದು ಮೋಲ್ಡು ಹಾಕಿದ್ದು. ಆದ್ದರಿಂದ ಟ್ಯಾಂಕು, ಗಾಜಿನ ಕೊಳವೆಗಳು ಎಲ್ಲ ಅವರ ಟೆರೇಸಿನ ಮೇಲೆ. ಅಲ್ಲಿಂದ ಒಂದು ಪೈಪು ಅವರಿಗೆ, ಇನ್ನೊಂದು ಗೋಡೆ ಹಿಡಿದು ಇಳಿದು ನಮಗೆ. ಖರ್ಚು ಸಮ. ಎರಡೂ ಮನೆಗೆ ಒಳಗೇ ಒಂದೊಂದು ಬಾತ್‌ರೂಮ್ ಮಾಡಿಕೊಂಡೆವು. ಹಳೇ ಬಚ್ಚಲುಮನೆ ಕೆಡವಿ, ಹಂಡೆಯನ್ನು ಅಕ್ಕನ ಕೊಟ್ಟಿಗೆಯಲ್ಲಿ ಮಗುಚಿ ಹಾಕಿದೆವು. ಅತ್ತೆ ಬದುಕಿದ್ದರೆ ಒಪ್ಪುತ್ತಿರಲಿಲ್ಲ ಅಂತ ನಮ್ಮ ಮನೆಯವರು ಗೊಣಗಿದರು. ನಾನೇ ಅವರ ಬಾಯಿ ಮುಚ್ಚಿಸಿದೆ.

ಮೊದಲಿನ ದಿನಗಳ ಸಂಭ್ರಮ ಏನು ಹೇಳಲಿ. ನಲ್ಲಿ ತಿರುಗಿಸಿದರೆ ಕೈ ಸುಡುವ ನೀರು! ಬೇಗ ಏಳುವ ಗೋಜಿಲ್ಲ, ಕಡ್ಡಿ ಮುರಿಯುವ ಕೆಲಸವಿಲ್ಲ. ಶಾಲೆಯಲ್ಲಿ ಸಿಕ್ಕಿದವರಿಗೆಲ್ಲ ಹಾಕಿಸಿಕೊಳ್ಳಿ ಅಂತ ಪುಕ್ಕಟೆ ಪ್ರಚಾರ ಮಾಡಿದೆ. ಆಮೇಲೆ, ಒಂದು ಮಳೆಗಾಲ ಕಳೆಯುವಷ್ಟರಲ್ಲಿ, ನಮ್ಮ ಕಡೆ ನೀರು ಸಣ್ಣಗಾಯಿತು. ಬೆಳಿಗ್ಗೆ ಹೊತ್ತು ದಾರದ ಎಳೆಯಂತೆ ಬರುತ್ತಿತ್ತು, ಅದೂ ಉಗುರುಬೆಚ್ಚಗೆ. ಹೊತ್ತೇರಿದ ಮೇಲೆ ಧೋ ಅಂತ ಸುರಿಯುತ್ತಿತ್ತು, ಆದರೆ ಆಗ ಅದಕ್ಕೆ ಬಿಸಿಯೇ ಇರುತ್ತಿರಲಿಲ್ಲ. ಅಕ್ಕನನ್ನು ಕೇಳಿದೆ. "ಮೋಡ ಕಣೇ, ನಮ್ಕಡೆನೂ ಅಷ್ಟೇ" ಅಂದಳು. ಮೋಡ ಹೋಯಿತು, ಚಳಿ ಬಂತು. "ನಿಮ್ ಪೈಪು ಉದ್ದ, ದಾರೀಲೇ ಆರೋಯ್ತದೆ" ಅಂದಳು. ನಾನು ಪೈಪಿಗೆ ಗೋಣಿತಾಟು ಸುತ್ತಿಸಿದೆ. ಸೂಲಿಬೆಲೆಯಿಂದ ಪ್ಲಂಬರನನ್ನು ಕರೆಸಿದೆ. ಅವನು ನಮ್ಮ ನಲ್ಲಿ ಬಿಚ್ಚಿ, ಬೆಳ್ಳಗೆ ಕಟ್ಟಿದ್ದ ಉಪ್ಪು ತೋರಿಸಿ, "ಬೋರ್‌ವೆಲ್ ನೀರು ಟೀಚರೇ, ಗಡಸು. ಒಳಗೆಲ್ಲ ಹಿಂಗೇ ಕಟ್ಕಂಡಿರುತ್ತೆ" ಅಂದು ಹೋದ. ಎಲ್ಲರೂ ಹೇಳಿದ್ದನ್ನು ನಂಬಿದೆ. ಬೆಳ್ಳಗಿರೋದೆಲ್ಲ ಹಾಲು ಅನ್ನುವ ಜಾತಿಯವಳಲ್ಲ ನಾನು. ಆದರೆ ಅಕ್ಕ ಹೇಳಿದ್ದನ್ನು ಸೋಸಿ ನೋಡಬೇಕು ಅಂತ ನನಗೆ ಯಾವತ್ತೂ ಅನ್ನಿಸಿರಲಿಲ್ಲ.

ನಮ್ಮ ಮಟ್ಟಿಗೆ ಹೇಗೋ ನಡೆಯುತ್ತಿತ್ತು. ಮಗಳು ಚೊಚ್ಚಲ ಬಾಣಂತನಕ್ಕೆ ಬಂದಳು ನೋಡಿ, ಆಗ ಗತಿ ಕೆಟ್ಟಿತು. ಬಾಣಂತಿಗೆ ಬರೀ ಬೆಚ್ಚಗಿನ ನೀರು ಸಾಲದು. ಬೇವಿನಸೊಪ್ಪು ಹಾಕಿ ಕುದಿಸಿದ ನೀರನ್ನು ಸೊಂಟಕ್ಕೆ, ಬೆನ್ನಿಗೆ ಬಡಿಬಡಿದು ಹುಯ್ಯಬೇಕು. ಅದಾದ ಮೇಲೆ ಕೂಸಿಗೆ ಬೇರೆ. ಮಗಳಿಗೆ ಆಪರೇಷನ್ ಆಗಿತ್ತು, ಸೊಂಟ ಹಿಡಿದುಕೊಂಡು ನಿಲ್ಲಲಾರದೆ ಅಳುತ್ತಿದ್ದಳು. ನಾನು ಶಾಲೆಗೆ ರಜೆ ಹಾಕಿ, ಗ್ಯಾಸಿನ ಮೇಲೆ ಪಾತ್ರೆ ಮೇಲೆ ಪಾತ್ರೆ ಕಾಯಿಸಿ ಬಾತ್‌ರೂಮಿಗೆ ಹೊರುತ್ತಿದ್ದೆ. ಎರಡನೇ ಪಾತ್ರೆ ಕಾಯುವಷ್ಟರಲ್ಲಿ ಮೊದಲನೆಯದು ಆರುತ್ತಿತ್ತು. ಒಂದು ದಿನ ನೀರು ಸಾಲದೆ, ಅರ್ಧ ಮೈಗೆ ಎಣ್ಣೆ ಅಂಟಿಕೊಂಡೇ ಆ ಹುಡುಗಿ ನಡುಗುತ್ತಾ ಕೂತಿತ್ತು. ಜ್ವರ ಬಂತು. ಕೂಸಿಗೆ ಎರೆಯಲು ದಿನಾ ಬರುತ್ತಿದ್ದ ಅಕ್ಕ ಇದನ್ನೆಲ್ಲ ಕಣ್ಣಾರೆ ಕಂಡಳು. ಮಗಳ ಹಣೆ ಮುಟ್ಟಿ, "ಅಯ್ಯೋ ಪಾಪ, ನನ್ ಕಂದ" ಅಂದಳು. ಮಗಳು, "ದೊಡ್ಡಮ್ಮ, ನಿಮ್ಮನೇಲಾದ್ರೂ ನೀರು ಬಿಸಿ ಬರುತ್ತಾ?" ಅಂದರೆ, "ಎಲ್ಲಿ ಬಂತವ್ವಾ" ಅಂದಳು.

ಯುಗಾದಿ ಮುಗಿದು ಬಿಸಿಲು ಕಾಯುತ್ತಿದ್ದ ಕಾಲ. ಒಂದು ಬೆಳಿಗ್ಗೆ ಕೂಸಿನ ಬಟ್ಟೆ ಒಣಹಾಕಲು ನಾನು ಅಕ್ಕನ ಟೆರೇಸು ಹತ್ತಿದೆ. ನಮ್ಮ ಹಿತ್ತಲ ನೆರಳಲ್ಲಿ ಅವು ಬೇಗ ಒಣಗುತ್ತಿರಲಿಲ್ಲ. ಅಲ್ಲಿಯವರೆಗೆ ನನಗೆ ಆ ಟೆರೇಸಿನಲ್ಲಿ ಕೆಲಸವೇ ಇರಲಿಲ್ಲ. ಟ್ಯಾಂಕಿನ ಹಿಂದೆ, ನಮ್ಮ ಮನೆಗೆ ಇಳಿಯುವ ಪೈಪಿನ ಮೇಲೆ, ರಿಪೇರಿ ಬಂದಾಗ ನೀರು ನಿಲ್ಲಿಸಲು ಬೇಕಾಗುತ್ತೆ ಅಂತ ಹಾಕಿದ್ದ ವಾಲ್ವಿನ ಹಿಡಿ ಕಂಡಿತು. ಅದಕ್ಕೆ ಬಟ್ಟೆ ಸುತ್ತಿತ್ತು. ಹಸಿರು ಬಟ್ಟೆ, ಮಾವಿನಕಾಯಿ ಅಂಚು. ನನ್ನ ಮಗಳ ಮದುವೆಯಲ್ಲಿ ಅಕ್ಕನಿಗೆ ಅಂತ ನಾನೇ ಆರಿಸಿ ತಂದು ಮಡಿಲಿಗೆ ಹಾಕಿದ್ದ ಸೀರೆಯದು. ಹಿಡಿ ಕಾದು ಕೈ ಸುಡುತ್ತದಲ್ಲ, ದಿನಾ ತಿರುಗಿಸುವವಳಿಗೆ ಬಟ್ಟೆ ಬೇಕು. ತಿರುಗಿಸಿ ತಿರುಗಿಸಿ ಆ ಬಟ್ಟೆ ಸವೆದು ಕಪ್ಪಾಗಿತ್ತು.

ವಾಲ್ವಿನ ಈಚೆಗೆ, ಟ್ಯಾಂಕಿನ ಕಡೆ ಪೈಪು ಮುಟ್ಟಿದೆ, ಚುರ್ ಅಂದಿತು. ಆಚೆಗೆ, ನಮ್ಮ ಮನೆ ಕಡೆ ಮುಟ್ಟಿದೆ, ತಣ್ಣಗಿತ್ತು. ನನಗೆ ಆಗಲೂ ನಂಬಿಕೆ ಬರಲಿಲ್ಲ. ಹಿಡಿ ತಿರುಗಿಸಿದೆ. ಎಣ್ಣೆ ಹಚ್ಚಿದಂತೆ ಸಲೀಸಾಗಿ ತಿರುಗಿತು. ಸ್ವಲ್ಪ ಹೊತ್ತಿಗೆ ಕೆಳಗೆ ಬಕೆಟ್ಟಿಗೆ ನಲ್ಲಿ ಬಿಟ್ಟಿದ್ದ ಮಗಳು ಕಿರುಚಿದಳು, "ಅಮ್ಮಾ! ಬಿಸಿನೀರು ಬಂತು! ಎಷ್ಟೊಂದು ಬರ್ತಾ ಐತೆ ನೋಡು ಬಾರಮ್ಮಾ!"

ಅವಳ ದನಿಯಲ್ಲಿದ್ದ ಖುಷಿ ಕೇಳುತ್ತಾ, ಒದ್ದೆ ಬಟ್ಟೆಗಳನ್ನು ಅಲ್ಲೇ ಬಿಟ್ಟು ನಾನು ಮೆಟ್ಟಿಲ ಕಡೆ ಹೊರಟೆ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಕೆಳಗಿಳಿದಾಗ ಅಕ್ಕ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದಳು. ಊರು ಒಂದಾಗುವ ಹಾಗೆ ಕೂಗಬೇಕು ಅಂದುಕೊಂಡೇ ಬಂದಿದ್ದೆ. ಆದರೆ "ವಾಲ್ವು ನೋಡ್ದೆ ಅಕ್ಕಾ" ಅಂದೆ ಅಷ್ಟೇ.

ಅವಳು ಇಲ್ಲ ಅನ್ನಲಿಲ್ಲ. ಸಗಣಿ ಕೈಯನ್ನು ನೋಡಿಕೊಂಡೇ ಹೇಳಿದಳು. "ನಮ್ಮನೇಲಿ ಜನ ಜಾಸ್ತಿ ಕಣೇ. ಹುಡುಗ್ರಿಬ್ರೂ ಏರ್‌ಪೋರ್ಟ್ ಡ್ಯೂಟಿ, ಸೊಸೆದೀರು ಗಾರ್ಮೆಂಟ್ಸು, ಗಾಡಿ ಕತ್ಲಲ್ಲೇ ಬಂದ್ ನಿಂತ್ಕತದೆ. ಅವ್ರುದೆಲ್ಲ ಆಗೋವರ್ಗೂ ಅಂತ ಒಂದಿನ ತಿರುಗುಸ್ದೆ. ಆಮ್ಯಾಲೆ ಹಂಗೇ ಆಗೋಯ್ತು."

"ನನ್ ಮಗಳು ಬಂದ್ ಮೇಲೂನಾ? ಅವಳಿಗೆ ಜ್ವರ ಬಂದ್ ಮೇಲೂನಾ?"

"ಆಗ ಬಿಟ್ಟಿದ್ರೆ, ಅಲ್ಲೀಗಂಟ ಮುಚ್ಚಿದ್ದು ನಿಂಗೆ ಗೊತ್ತಾಗೋದಲ್ಲೇ" ಅಂದಳು.

ಶಿವನೇ! ಆ ಉತ್ತರವನ್ನು ನಾನು ಈಗಲೂ ಜೀರ್ಣಿಸಿಕೊಂಡಿಲ್ಲ. "ಒಂದ್ ಮಾತು ಕೇಳಿದ್ರೆ ನಾನೇ ನಿಮ್ಮೋರದ್ ಆಗ್ಲಿ ಮೊದ್ಲು ಅಂತಿದ್ನಲ್ಲಕ್ಕಾ. ನಿಂಗೆ ನಾನ್ ಯಾವತ್ತು ಇಲ್ಲ ಅಂದಿದೀನಿ?" ಅಂದೆ. ಅವಳು ಬಗ್ಗಿ ಮತ್ತೆ ಸಗಣಿ ಬಾಚತೊಡಗಿದಳು. ಹಂಡೆ ಇದ್ದಾಗ ತಳ ಕಂಡರೆ ಇಬ್ಬರಿಗೂ ಕಾಣುತ್ತಿತ್ತು, ಜಗಳ ಆಡಿ ಮುಗಿಸುತ್ತಿದ್ದೆವು. ಈ ಟ್ಯಾಂಕಿನೊಳಗೆ ಎಷ್ಟಿದೆ, ಯಾರು ತೆಗೆದರು ಅಂತ ಕಾಣುವವಳು ಟೆರೇಸಿನ ಒಡತಿ ಒಬ್ಬಳೇ. ಮಗುಚಿ ಹಾಕಿದ್ದ ಹಂಡೆ ಅವಳ ಹಿಂದೆಯೇ ಇತ್ತು, ಅದರ ಮೇಲೆ ಕೋಳಿ ಕೂತಿತ್ತು.

ಮನೆಗೆ ಬಂದು ಯಾರಿಗೂ ಹೇಳಲಿಲ್ಲ. ಹಸಿ ಬಾಣಂತಿಯ ಕಿವಿಗೆ ಇಂಥದ್ದು ಹಾಕಬಾರದು ಅನ್ನಿಸಿತು. ದೊಡ್ಡಮ್ಮನ ಕಾಲ ಮೇಲೆ ಬೆಳೆದ ಹುಡುಗಿ ಅವಳು.

ಮಾರನೇ ಬೆಳಿಗ್ಗೆ ನಲ್ಲಿಯಲ್ಲಿ ಹೊಗೆಯಾಡುವ ನೀರು ಬಂತು. ಅಕ್ಕನೂ ಬಂದಳು. ಬರುವುದಿಲ್ಲ ಅಂದುಕೊಂಡಿದ್ದೆ. ಬಾರದಿದ್ದರೆ ಚೆನ್ನಾಗಿತ್ತು ಅಂತಲೂ, ಬರಲಿ ಅಂತಲೂ ಅನ್ನಿಸುತ್ತಿತ್ತು. ಅವಳು ನನ್ನ ಮುಖ ನೋಡದೆ ಮಣೆ ಹಾಕಿಕೊಂಡು, ಸೀರೆ ಎತ್ತಿ ಕಟ್ಟಿ, ಕಾಲು ಚಾಚಿದಳು. ಏನೂ ಅರಿಯದ ಮಗಳು ಕೂಸನ್ನು ತಂದು ಅವಳ ಕಾಲ ಮೇಲೆ ಮಲಗಿಸಿ, "ನೋಡು ದೊಡ್ಡಮ್ಮ, ಇವತ್ತು ನಿನ್ ಮೊಮ್ಮಗಳ ಅದೃಷ್ಟ, ನೀರು ಕಾದೈತೆ" ಅಂತ ನಕ್ಕು ಒಳಗೆ ಹೋದಳು.

ಅಕ್ಕ ಕೂಸಿನ ಬೆನ್ನಿಗೆ ಎಣ್ಣೆ ತಿಕ್ಕಿದಳು. ನಾನು ಬಕೆಟ್ಟಿಗೆ ಬಿಸಿನೀರು ಬಿಟ್ಟುಕೊಂಡು, ತಣ್ಣೀರು ಬೆರೆಸಿ, ಮೊಣಕೈ ಅದ್ದಿ ಹದ ನೋಡಿದೆ. ಇನ್ನೊಂದು ಚೂರು ತಣ್ಣೀರು ಹಾಕಿದೆ, ಮತ್ತೆ ನೋಡಿದೆ. ಕೋಪ ಇಳಿದಿರಲಿಲ್ಲ, ಕೈ ಮಾತ್ರ ತನ್ನ ಕೆಲಸ ಮರೆತಿರಲಿಲ್ಲ. ಚೆಂಬು ತುಂಬಿ ಅವಳ ಕಡೆ ಚಾಚಿದೆ.

ಅವಳು ತಕ್ಷಣ ತೆಗೆದುಕೊಳ್ಳಲಿಲ್ಲ. ಎಣ್ಣೆಗೈಯನ್ನು ಕೂಸಿನ ಮೇಲಿಂದ ಎತ್ತಿ, ಚೆಂಬಿನೊಳಕ್ಕೆ ಬೆರಳು ಅದ್ದಿ ನೋಡಿದಳು. ಆಮೇಲೆ ಸುರಿದಳು. ಎರಡನೇ ಚೆಂಬಿಗೂ ಬೆರಳು ಅದ್ದಿದಳು.

ನಾನು ಬೆರೆಸಿದ ನೀರು ಅದು. ಸುರಿಯುತ್ತಿದ್ದದ್ದು ನನ್ನ ಮೊಮ್ಮಗಳ ಮೇಲೆ.